ಕಾಂಬೋಧಿ ಅರ್ಧಕ್ಕೆ ನಿಂತ ಬೇಸಿಗೆ

ಕಳೆದ ತಿಂಗಳು ಮಾರೇನಹಳ್ಳಿಯ ಆ ಛತ್ರಕ್ಕೆ ಮದುವೆ ಊಟಕ್ಕೆ ಹೋಗಿದ್ದೆ. ನಾನು ಸಂಗೀತ ಹೇಳಿಕೊಡುವ ಶಾಲೆಯ ಗಣಿತದ ಟೀಚರ್ ಇದ್ದಾರಲ್ಲ, ಅವರ ತಮ್ಮನ ಮದುವೆ. ಕರೆಯೋಲೆಯಲ್ಲಿ ಛತ್ರದ ಹೆಸರು ಓದಿದಾಗಲೇ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ. ಆಗಲಿಲ್ಲ, ಅವರು ಮನೆಗೇ ಬಂದು ಕುಂಕುಮ ಕೊಟ್ಟು ಕರೆದಿದ್ದರು. ಬಾಗಿಲು ದಾಟಿದ ಕೂಡಲೇ ಹೋಮದ ಹೊಗೆ, ಬಾಡಿದ ಸುಗಂಧರಾಜ, ಅಡುಗೆಮನೆಯಿಂದ ಬರುವ ಒಗ್ಗರಣೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನಗೆ ಗೊತ್ತಿಲ್ಲದೆ ತುಟಿ ಒಳಕ್ಕೆ ಮಡಚಿಕೊಂಡಿತು. ನಾಗಸ್ವರದ ಪೀಪಿಯನ್ನು ಬಾಯಿಗಿಡುವ ಮೊದಲು ತುಟಿಯನ್ನು ಹಾಗೆ ಮಡಚಬೇಕು. ಮದುವೆಗಳಲ್ಲಿ ಊದುವುದು ಬಿಟ್ಟು ಎರಡು ವರ್ಷವಾಗಿದೆ, ತುಟಿ ಇನ್ನೂ ಮರೆತಿಲ್ಲ.

ಮಂಟಪದ ಎಡಕ್ಕೆ, ದಪ್ಪ ಕಂಬದ ಹಿಂದೆ ನಾವು ಕೂರುತ್ತಿದ್ದ ಗೂಡು ಹಾಗೇ ಇದೆ. ಅಲ್ಲಿ ಈಗ ಪ್ಲಾಸ್ಟಿಕ್ ಹೂವಿನ ಗೋಡೆ ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವ ಜಾಗ ಮಾಡಿದ್ದಾರೆ. ತಾಳಿ ಕಟ್ಟುವ ಹೊತ್ತಿಗೆ ಹುಡುಗನ ಸ್ನೇಹಿತ ಯಾರೋ ಮೊಬೈಲಿನಿಂದ ಸ್ಪೀಕರಿಗೆ ಗಟ್ಟಿಮೇಳ ಬಿಟ್ಟ. ಅದು ನಡುವೆ ನಿಂತು ಮನೆ ಸಾಲದ ಜಾಹೀರಾತು ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಊಟಕ್ಕೆ ಕೂತವಳು ಎಲೆಯನ್ನು ಅರ್ಧಕ್ಕೇ ಮಡಚಿ ಎದ್ದೆ.

ನಾಲ್ಕು ವರ್ಷದ ಹಿಂದಿನ ಬೇಸಿಗೆಯ ಮಾತು ಇದು. ಕೊರೊನಾ ಕಾಲದಲ್ಲಿ ಮುಂದಕ್ಕೆ ಹೋಗಿದ್ದ ಮದುವೆಗಳೆಲ್ಲ ಕಟ್ಟೆ ಒಡೆದಂತೆ ಒಂದೇ ಸಲ ನುಗ್ಗಿದ ವರ್ಷ. ನನಗೆ ಆಗ ಇಪ್ಪತ್ತೊಂದು. ಆ ಛತ್ರದ ವಾಲಗ ನಮ್ಮ ಮನೆಯದು. ಅಂದರೆ, ಛತ್ರ ಹಿಡಿದವರು ಅಡುಗೆಗೆ, ಹೂವಿಗೆ, ಫೋಟೊಗೆ ತಮಗೆ ಬೇಕಾದವರನ್ನು ಕರೆಸಬಹುದು, ವಾಲಗಕ್ಕೆ ಮಾತ್ರ ನಾವೇ. ನಾಗಸ್ವರ ಅನ್ನುವುದು ಸಂಗೀತ ಸಭೆಗಳಲ್ಲಿ ಹೇಳುವ ಹೆಸರು, ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ವಾಲಗವೇ. ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಛತ್ರದ ಹಿಂದಿನ ಯಜಮಾನರು ನಮ್ಮ ತಾತನಿಗೆ ಕೊಟ್ಟ ಮಾತು ಅದು. ಆ ಮಾತಿನ ಇನ್ನೊಂದು ಮಗ್ಗುಲೂ ಇತ್ತು. ನಮ್ಮನ್ನು ಬಿಟ್ಟು ಬೇರೆಯವರು ಅಲ್ಲಿ ಊದುವ ಹಾಗಿಲ್ಲ, ನಾವು ಊದದೆ ಇರುವ ಹಾಗೂ ಇಲ್ಲ. ಒಂದು ಲಗ್ನ ತಪ್ಪಿಸಿದರೆ ಜಾಗ ಹೋಯಿತು. ಹೊರಗೆ ವಾಲಗದ ಇನ್ನೂ ನಾಲ್ಕು ಸೆಟ್ಟಿನವರು ಅದಕ್ಕೆ ಕಾದಿದ್ದರು.

ಆ ಬೇಸಿಗೆಗೆ ಹಿಂದಿನ ದೀಪಾವಳಿ ಕಳೆದ ವಾರ, ಒಂದು ಬೆಳಿಗ್ಗೆ ಅಪ್ಪ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಒಂದು ಕಡೆಗೆ ಎಳೆದುಕೊಂಡಿದೆ. ಮುಖದ ನರದ ತೊಂದರೆ, ಬಹಳ ಜನಕ್ಕೆ ತಾನಾಗಿ ಸರಿಹೋಗುತ್ತೆ ಅಂದರು ಡಾಕ್ಟರು. ಅಪ್ಪನಿಗೆ ಅರ್ಧ ಸರಿಹೋಯಿತು. ಊಟ, ಮಾತು, ನಗು ಎಲ್ಲ ಬಂತು. ಪೀಪಿಯನ್ನು ಕಚ್ಚಿ ಹಿಡಿಯುವ ಬಿಗಿ ಮಾತ್ರ ತುಟಿಗೆ ಬರಲಿಲ್ಲ. ಊದಿದರೆ ಗಾಳಿಯೆಲ್ಲ ಬಾಯಿಯ ಮೂಲೆಯಿಂದ ಪುಸ್ಸೆಂದು ಹೊರಟುಹೋಗುತ್ತಿತ್ತು. ವಿಜಯನಗರದಿಂದ ಕೆಂಗೇರಿಯವರೆಗೆ ಅಪ್ಪನ ಉಸಿರಿಗೆ ಹೆಸರಿತ್ತು. ಆ ದಿನಗಳಲ್ಲಿ ಅಪ್ಪ ಟೆರೇಸಿನ ಮೇಲೆ ಒಬ್ಬನೇ ಹೋಗಿ ಮತ್ತೆ ಮತ್ತೆ ಊದಿ ನೋಡುತ್ತಿದ್ದ. ಕೆಳಗೆ ನಾನೂ ಅಮ್ಮನೂ ಏನೂ ಕೇಳಿಸದವರ ಹಾಗೆ ಸೊಪ್ಪು ಬಿಡಿಸುತ್ತಿದ್ದೆವು.

ನಾನು ಒಂಬತ್ತನೆಯ ವಯಸ್ಸಿನಿಂದ ಹಟ ಹಿಡಿದು ಕಲಿತವಳು. ಅಪ್ಪನಿಗೆ ಅದು ಮುದ್ದು, ಅಮ್ಮನಿಗೆ ತಲೆನೋವು. "ಹೆಣ್ಣ್ ಮಗು ವಾಲಗ ಊದ್ಕೊಂಡ್ ಕೂತ್ರೆ ಯಾರೇ ಮಾಡ್ಕೋತಾರೆ? ಕೆನ್ನೆ ಬನ್ ಥರ ಆಗತ್ತೆ ನೋಡ್ತಿರು" ಅನ್ನುತ್ತಿದ್ದಳು. ಅಪ್ಪನ ಬಾಯಿ ಸೊಟ್ಟಗಾದ ಮೇಲೆ ಅದೇ ಅಮ್ಮ ತನ್ನ ಮದುವೆಯ ರೇಷ್ಮೆ ಸೀರೆಗೆ ತಾನೇ ಇಸ್ತ್ರಿ ಹಾಕಿ ಕೈಗೆ ಕೊಟ್ಟಳು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಕ್ರಾಂತಿ ಕಳೆದು ಲಗ್ನಗಳು ಶುರುವಾದಾಗ ಅಪ್ಪನ ಜಾಗದಲ್ಲಿ ನಾನು ಕೂತಿದ್ದೆ. ಡೋಲಿಗೆ ಮೊದಲಿನಂತೆ ರಂಗಣ್ಣ ಚಿಕ್ಕಪ್ಪ. ಅಪ್ಪ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ನನ್ನ ಬಲಕ್ಕೆ ಕೂರುತ್ತಿದ್ದ.

ಶ್ರುತಿ ಪೆಟ್ಟಿಗೆ ಕರೆಂಟಿನದು, ಒಂದು ಬಟನ್ ಒತ್ತಿದರೆ ತಾನೇ ಗುಂಯ್‌ಗುಡುತ್ತದೆ. ಅದಕ್ಕೆ ಮನುಷ್ಯ ಬೇಡ. ಅಪ್ಪ ಬೇಕಾಗಿದ್ದು ಬೇರೆಯದಕ್ಕೆ. ನಮ್ಮ ಗೂಡಿನಿಂದ ಮಂಟಪ ಕಾಣುತ್ತಿರಲಿಲ್ಲ. ಮುಂದೆ ಕಂಬ, ಕಂಬದ ಆಚೆ ಫೋಟೊದವರ ಬೆನ್ನುಗಳು. ಮುಹೂರ್ತ ಬಂದಾಗ ಪುರೋಹಿತರು ತೋರುಬೆರಳನ್ನು ಮೇಲೆತ್ತಿ ಗಾಳಿಯಲ್ಲಿ ಸುತ್ತುತ್ತಾರೆ. ಬಾಯಲ್ಲೂ ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗುತ್ತಾರೆ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಆ ಬೆರಳು ಎದ್ದ ಕ್ಷಣ ವಾಲಗದವರು ಏನು ನುಡಿಸುತ್ತಿದ್ದರೂ ಅಲ್ಲಿಗೇ ಬಿಟ್ಟು, ಉಸಿರಿದ್ದಷ್ಟೂ ಹಾಕಿ ಊದಬೇಕು. ತಾಳಿ ಕಟ್ಟುವಾಗ ಸೀನು, ಅಳು, ಅಪಶಕುನದ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದು ಅಂತ ಆ ಗದ್ದಲ. ಒಂದು ಗಳಿಗೆ ತಡವಾದರೂ ಹೆಣ್ಣಿನ ಕಡೆಯವರು ಜನ್ಮವಿಡೀ ನಮ್ಮನ್ನು ಶಪಿಸುತ್ತಾರೆ. ಆದ್ದರಿಂದ ಅಪ್ಪ ಕಂಬದ ಅಂಚಿಗೆ ಬಾಗಿ ಪುರೋಹಿತರ ಕೈಯನ್ನೇ ನೋಡುತ್ತಾ ಕೂರುತ್ತಿದ್ದ. ಬೆರಳು ಎದ್ದ ಕೂಡಲೇ ನನ್ನ ಮೊಣಕಾಲಿಗೆ ಎರಡು ಸಲ ತಟ್ಟುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡಿದ್ದರೂ, ಯೋಚನೆ ಎಲ್ಲೋ ಇದ್ದರೂ, ಮೊಣಕಾಲಿಗೆ ತಟ್ಟಿದ ಮೇಲೆ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ.

ಆ ಬೇಸಿಗೆ ನಾನು ಕಂಡ ಪ್ರಪಂಚ ಆ ಕಂಬವೇ. ಅದರ ಮೇಲಿನ ಗಚ್ಚಿನಲ್ಲಿ ಎಲ್ಲೆಲ್ಲಿ ಬಿರುಕಿದೆ ಅಂತ ಇವತ್ತೂ ಹೇಳಬಲ್ಲೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೀರೆ ಉಟ್ಟು ಹೊರಟರೆ ಬೀಗರ ಊಟ ಏಳುವವರೆಗೆ ಜಾಗ ಬಿಡುವಂತಿಲ್ಲ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಬಚ್ಚಲಿಗೆ ಹೋಗಬೇಕಾದರೆ ಇಡೀ ಸಭೆಯನ್ನು ದಾಟಬೇಕು. ಅದಕ್ಕೆ ನೀರನ್ನೇ ಕುಡಿಯುತ್ತಿರಲಿಲ್ಲ. ಬೆನ್ನಿಗೆ ಸ್ಪೀಕರ್ ಪೆಟ್ಟಿಗೆ, ತಲೆಯ ಮೇಲೆ ಫ್ಯಾನಿಲ್ಲ, ಮೇ ತಿಂಗಳ ಸೆಕೆ. ತುಟಿ ಒಡೆದು ರಕ್ತ ಬರುತ್ತಿತ್ತು, ಅದಕ್ಕೆ ಬೆಣ್ಣೆ ಸವರಿಕೊಂಡು ಮತ್ತೆ ಊದಬೇಕು. ಯಾವ ಮದುವೆ ಯಾರದು ಅನ್ನುವುದೇ ಕಲಸಿಹೋಗಿತ್ತು. ಸಾಯಂಕಾಲ ಆಲಿಕಲ್ಲು ಮಳೆ ಬಿದ್ದು ಊರೆಲ್ಲ ತಂಪಾದರೂ ನಮ್ಮ ಗೂಡಿಗೆ ಅದರ ಸುದ್ದಿ ತಲುಪುತ್ತಿರಲಿಲ್ಲ. ಆಷಾಢ ಯಾವಾಗ ಬರುತ್ತದೋ ಅಂತ ಕ್ಯಾಲೆಂಡರ್ ನೋಡುವ ಹುಡುಗಿ ಬೆಂಗಳೂರಿನಲ್ಲಿ ನಾನೊಬ್ಬಳೇ ಇದ್ದೆನೇನೋ.

ಇನ್ನು ಕೇಳುವವರ ಸಂಗತಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ, ಪಾಪ, ಕೋಣವಾದರೂ ಒಂದು ಕಡೆ ನಿಂತಿರುತ್ತದೆ. "ರೀ ವಾಲಗದೋರೇ, ಸ್ವಲ್ಪ ನಿಲ್ಸ್ರೀ, ಫೋನಲ್ ಮಾತಾಡ್ಬೇಕು." "ಏನಮ್ಮ, ಯಾವ್ದಾದ್ರೂ ಒಳ್ಳೇ ಸಿನಿಮಾ ಹಾಡು ಹೊಡಿಯಮ್ಮ." ಹುಡುಗಿ ಊದುತ್ತಾಳೆ ಅಂತ ವಿಡಿಯೊ ಮಾಡಿಕೊಳ್ಳುವವರೂ ಇದ್ದರು, ಅವರ ಕಣ್ಣು ಕೆನ್ನೆಯ ಮೇಲೆ. ಪುರೋಹಿತರ ಮಂತ್ರ ಉದ್ದವಾದ ದಿನ ನಾನು ಮೆಲ್ಲಗೆ ಕಾಂಬೋಧಿ ರಾಗ ಹಿಡಿಯುತ್ತಿದ್ದೆ. ಅಪ್ಪ ಟೆರೇಸಿನ ಮೇಲೆ ಕಲಿಸಿದ್ದು. ಕೆಳಗಿನಿಂದ ಒಂದೊಂದೇ ಸ್ವರವನ್ನು ಸವರುತ್ತಾ ಮೇಲಕ್ಕೆ ಹತ್ತಿಸಿ, ಮೇಲಿನ ಷಡ್ಜದ ಹೊಸಿಲಲ್ಲಿ ನಿಂತಿರುತ್ತಿದ್ದೆ, ಮೊಣಕಾಲಿಗೆ ಟಪ್ ಟಪ್. ಮುಗಿಯಿತು. ಅಷ್ಟು ಮದುವೆಗಳಲ್ಲಿ ಒಂದು ಸಲವೂ ನಾನು ಆ ರಾಗವನ್ನು ಕೊನೆ ಮುಟ್ಟಿಸಿರಲಿಲ್ಲ. ಯಾರದೋ ಮದುವೆ ಆಗಲಿ ಅಂತ ನನ್ನ ರಾಗ ನಿಲ್ಲುತ್ತಿತ್ತು.

ವೈಶಾಖದ ಒಂದು ಮದುವೆಯಲ್ಲಿ, ಊಟದ ಹೊತ್ತಿಗೆ ಹತ್ತಿಸೀರೆಯ ಹಿರಿಯರೊಬ್ಬರು ಕಂಬವನ್ನು ಸುತ್ತಿಕೊಂಡು ಗೂಡಿನೊಳಗೆ ಬಂದರು. ಯಾರೂ ಅಲ್ಲಿಗೆ ಬರುತ್ತಿರಲಿಲ್ಲವಾದ್ದರಿಂದ ನಾನು ಎದ್ದು ನಿಂತೆ. ಹೆಸರು ಶಾರದಾ, ಬಸವೇಶ್ವರನಗರದವರು, ಸಂಗೀತ ಕಲಿಸಿ ನಿವೃತ್ತರಾದವರು.

"ಈಗ ಕಾಂಬೋಧಿ ನುಡಿಸಿದ್ದು ನೀನೇನಮ್ಮ? ಯಾಕೆ ಅರ್ಧಕ್ಕೆ ಬಿಟ್ಟೆ?"

"ಗಟ್ಟಿಮೇಳ ಬಂತಲ್ಲ ಮೇಡಂ."

"ಬರ್ಲಿ. ಅದರ ಮಿಕ್ಕಿದ್ದು ನಿನ್ನ ಹತ್ರ ಇದೆಯಾ ಇಲ್ವಾ?"

ನಾನು ಪೀಪಿ ಒರೆಸತೊಡಗಿದೆ. ಅವರು ಹೇಳಿದ್ದು ಇಷ್ಟು: ಜ್ಯೇಷ್ಠದಲ್ಲಿ ರಾಜಾಜಿನಗರದ ಒಂದು ಸಭಾಂಗಣದಲ್ಲಿ ನಾಗಸ್ವರ ನುಡಿಸುವ ಯುವತಿಯರಿಗೆ ಸ್ಪರ್ಧೆ ಇದೆ. ಅವರ ಸಂಗೀತ ಸಭೆಯೇ ನಡೆಸುವುದು. ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷ. ಮೊದಲು ಬಂದವಳಿಗೆ ತಮಿಳುನಾಡಿನ ಕಾವೇರಿ ತೀರದ ಒಬ್ಬ ಹಿರಿಯ ವಿದ್ವಾಂಸರ ಬಳಿ ಎರಡು ವರ್ಷದ ಕಲಿಕೆ, ಊಟ ವಸತಿ ಎಲ್ಲ ಸಭೆಯದು. ಎರಡು ವರ್ಷ ಯಾರ ಮದುವೆಯೂ ಇಲ್ಲ, ಬರೀ ಕಲಿಯುವುದು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಶ್ರುತಿ ಪೆಟ್ಟಿಗೆಯ ವೈರನ್ನು ಸುತ್ತುತ್ತಿದ್ದ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

ಮನೆಯಲ್ಲಿ ಒಂದು ವಾರ ಆ ವಿಷಯ ಗಂಟಲಲ್ಲಿನ ಬಿಸಿತುಪ್ಪವಾಯಿತು. ನಾನು ಹೋದರೆ ಛತ್ರದ ಜಾಗ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿಲ್ಲ. ಕೊನೆಗೆ ಚಿಕ್ಕಪ್ಪನೇ ಹೇಳಿದ. "ಹೋಗ್ಲಿ ಬಿಡಣ್ಣ. ನಾನು ಬೇರೆ ಸೆಟ್ಟಲ್ಲಿ ಡೋಲು ಹೊಡ್ಕೋತೀನಿ. ಮಗು ಎಷ್ಟು ದಿನ ಅಂತ ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗಿರ್ಬೇಕು?" ಅಪ್ಪ ನಕ್ಕ. ನಕ್ಕರೆ ಬಾಯಿ ಇನ್ನೂ ಸೊಟ್ಟಗಾಗುತ್ತಿತ್ತು, ಅದಕ್ಕೆ ಕೈ ಅಡ್ಡ ಹಿಡಿದುಕೊಂಡು ನಗುವುದನ್ನು ಕಲಿತಿದ್ದ. "ನಾನೇನ್ ಬೇಡ ಅಂದ್ನಾ? ಊದ್ಲಿ. ಗೆದ್ರೆ ಆಗ ನೋಡೋಣ" ಅಂದ. ಅಷ್ಟು ಸಾಕಾಯಿತು ನನಗೆ. ಮಧ್ಯಾಹ್ನ ಛತ್ರದಿಂದ ಬಂದು ಟೆರೇಸಿಗೆ ಹತ್ತಿದರೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕತ್ತಲಾಗುವವರೆಗೆ ಅಭ್ಯಾಸ. ಮೇಲಿನ ಷಡ್ಜಕ್ಕೆ ಹೋಗುವುದು ಬರುತ್ತಿತ್ತು, ಅಲ್ಲಿಂದಾಚೆ ಏನು ಮಾಡಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಉಸಿರು ತಾನಾಗಿ ತುಂಡಾಗುತ್ತಿತ್ತು. ಅಪ್ಪ ಕೆಳಗಿನ ಮೆಟ್ಟಿಲ ಮೇಲೆ ಕೂತು ಬಾಯಲ್ಲೇ ಹಾಡಿ ತೋರಿಸುತ್ತಿದ್ದ. "ಹೆದರ್ಬೇಡ. ಅಲ್ಲಿ ನಿಂತ್ಕೋ. ಯಾರೂ ಓಡ್ಸಲ್ಲ ನಿನ್ನ." ಹೇಳಿಕೊಟ್ಟಿದ್ದು ಅಪ್ಪನೇ, ಅದನ್ನು ಮರೆಮಾಚಬಾರದು.

ಸ್ಪರ್ಧೆ ಒಂದು ಭಾನುವಾರ ಮಧ್ಯಾಹ್ನ. ಅವತ್ತು ಬೆಳಿಗ್ಗೆಯೂ ಲಗ್ನ ಇತ್ತು, ಮಾರನೆಯ ದಿನವೂ ಇತ್ತು. ಛತ್ರದಿಂದ ಅದೇ ಸೀರೆಯಲ್ಲಿ ಓಡಿದೆವು. ಅಪ್ಪ ಹೊಸ ಪಂಚೆ, ಶಲ್ಯ, ಹಣೆಗೆ ಗಂಧ. ವೇದಿಕೆಯಲ್ಲಿ ಶ್ರುತಿ ಪೆಟ್ಟಿಗೆ ಅವರದೇ ಇರುತ್ತದೆ ಅಂತ ಶಾರದಾ ಮೇಡಂ ಮೊದಲೇ ಹೇಳಿದ್ದರು. "ಅವರ ಪೆಟ್ಟಿಗೆ ಬಟನ್ ಒತ್ತೋಕಾದ್ರೂ ಯಾರಾದ್ರೂ ಬೇಕಲ್ಲ" ಅಂದ ಅಪ್ಪ. ಬೇಡ ಅನ್ನಲು ನನಗೆ ಮನಸ್ಸು ಬರಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಇನ್ನೂ ಆರು ಹುಡುಗಿಯರಿದ್ದರು. ಕೋಲಾರ, ಕನಕಪುರ, ಮೈಸೂರು ಕಡೆಯವರು. ನನ್ನ ಹಾಗೆ ಇನ್ನೂ ಆರು ಜನ ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೋಲಾರದವಳು ನನ್ನ ಬಾಯಿ ನೋಡಿ, "ನಿಮ್ದೂ ಒಡೆದಿದ್ಯಾ? ತಗೊಳ್ಳಿ, ಬೆಣ್ಣೆಗಿಂತ ಇದು ವಾಸಿ" ಅಂತ ವ್ಯಾಸಲೀನ್ ಡಬ್ಬಿ ಕೊಟ್ಟಳು. ಡಬ್ಬಿ ಎಲ್ಲರ ಕೈಗೂ ಒಂದು ಸುತ್ತು ಹೋಗಿಬಂತು. ಏಳು ಜನವೂ ತುಟಿ ತೋರಿಸಿಕೊಂಡು ನಕ್ಕೆವು. ಆ ತಿಂಗಳುಗಳಲ್ಲಿ ನಾನು ಹಾಗೆ ನಕ್ಕಿದ್ದು ಅದೊಂದೇ ಸಲ. ಆಮೇಲೆ ಒಬ್ಬರು ಬಂದು ನಿಯಮ ಓದಿದರು. ಎರಡು ನಿಮಿಷ ಉಳಿದಿರುವಾಗ ತೀರ್ಪುಗಾರರು ಕೈ ಎತ್ತಿ ಸೂಚನೆ ಕೊಡುತ್ತಾರೆ, ನಿಧಾನವಾಗಿ ಮುಗಿಸಿಕೊಳ್ಳಬೇಕು. ಅಪ್ಪ ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

ನನ್ನದು ಐದನೆಯ ಸರದಿ. ಬಲಕ್ಕೆ ಶ್ರುತಿ ಪೆಟ್ಟಿಗೆಯ ಮುಂದೆ ಅಪ್ಪ, ಇನ್ನೊಂದು ಕಡೆ ಡೋಲಿಗೆ ಚಿಕ್ಕಪ್ಪ. ವೇದಿಕೆಯಲ್ಲಿ ಕೂತಾಗ ಮೊದಲು ಕಂಗೆಡಿಸಿದ್ದು ನಿಶ್ಶಬ್ದ. ಎದುರಿಗೆ ಕಂಬ ಇಲ್ಲ. ಇನ್ನೂರು ಜನ ಸುಮ್ಮನೆ ಕೂತು ನನ್ನನ್ನೇ ನೋಡುತ್ತಿದ್ದಾರೆ, ಯಾರೂ ಫೋನಿನಲ್ಲಿ ಮಾತಾಡುತ್ತಿಲ್ಲ, ಯಾರೂ ಊಟಕ್ಕೆ ಏಳುತ್ತಿಲ್ಲ. ಜನ ಕೇಳಿದರೆ ಹೀಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸ್ವರ ನಡುಗಿತು. ಕಣ್ಣು ಮುಚ್ಚಿದೆ. ಕೆಳಗಿನ ಸ್ವರಗಳಲ್ಲಿ ಸ್ವಲ್ಪ ಹೊತ್ತು ತಡಕಾಡಿದೆ, ಆಮೇಲೆ ನಿಧಾನವಾಗಿ ದಾರಿ ಸಿಕ್ಕಿತು. ಮೇಲಿನ ಷಡ್ಜ ಬಂತು. ಉಸಿರು ತುಂಡಾಗಲಿಲ್ಲ. ಅಲ್ಲಿ ನಿಂತೆ, ಯಾರೂ ಓಡಿಸಲಿಲ್ಲ. ಅದರಾಚೆಯ ಗಾಂಧಾರಕ್ಕೆ ಹೋದೆ, ಅಲ್ಲಿಯೂ ನಿಂತೆ. ಮುಂದಿನ ಸಾಲಿನಲ್ಲಿ ಯಾರೋ "ಭಲೇ" ಅಂದರು. ನನಗಾಗಿ ಒಬ್ಬರು ಹಾಗೆ ಅಂದದ್ದು ಜೀವನದಲ್ಲಿ ಮೊದಲು. ಇನ್ನು ಇಳಿಯುವುದು ಮಾತ್ರ ಉಳಿದಿತ್ತು, ಇಳಿಯುವ ದಾರಿಯೂ ಕಾಣುತ್ತಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಎಂದೂ ಆಗಿಲ್ಲ.

ಮೊಣಕಾಲಿಗೆ ಎರಡು ಸಲ ತಟ್ಟಿದ ಹಾಗಾಯಿತು.

ಬೇಡ ಅಂತ ಮನಸ್ಸು ಹೇಳುವಷ್ಟರಲ್ಲಿ ಬೆರಳು ಗಟ್ಟಿಮೇಳ ಹಿಡಿದಾಗಿತ್ತು. ಇದ್ದ ಉಸಿರೆಲ್ಲ ಹಾಕಿ ಊದಿದೆ. ಚಿಕ್ಕಪ್ಪನೂ ಹಳೆಯ ಎತ್ತು, ನನ್ನ ಹಿಂದೆಯೇ ಡೋಲನ್ನು ಧಡಧಡ ಬಾರಿಸಿದ. ಕಣ್ಣು ಬಿಟ್ಟರೆ ಸಭೆಯಲ್ಲಿ ಅರ್ಧ ಜನ ಎದ್ದು ನಿಂತಿದ್ದಾರೆ. ಹೆಂಗಸರ ಕೈ ಅಕ್ಷತೆ ಎಸೆಯಲು ಮೇಲೆ ಹೋಗಿದೆ, ಕೈಯಲ್ಲಿ ಅಕ್ಷತೆ ಇಲ್ಲ. ನಡುವೆ ಬಿಳಿ ಕೂದಲಿನ ತೀರ್ಪುಗಾರರು ತೋರುಬೆರಳೆತ್ತಿ ಮುಗಿಸು ಅಂತ ಸುತ್ತುತ್ತಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತಿದೆ. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿ ಕೆಟ್ಟತನ ಇರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ನಾನು ನಮಸ್ಕಾರ ಮಾಡಿ ಎದ್ದೆ.

ಶಾರದಾ ಮೇಡಂ ಒಳಗೆ ಓಡಿಬಂದರು, ಕೈಯಲ್ಲಿ ಒಂದು ಹಾಳೆ, ಪೆನ್ನು. ಅವರು ನಗುತ್ತಿರಲಿಲ್ಲ.

"ನೋಡಮ್ಮ, ಅಲ್ಲೀವರೆಗೆ ನುಡಿಸಿದ್ದು ನಿನ್ನ ಹಾಗೆ ಇನ್ಯಾರೂ ಇಲ್ಲ ಅಂತ ಮೂರು ಜನಾನೂ ಹೇಳ್ತಿದಾರೆ. ಜೊತೆಗೆ ಕೂತವರಿಂದ ಅಡಚಣೆ ಆಗಿದ್ರೆ ಇನ್ನೊಂದು ಸಲ ಅವಕಾಶ ಕೊಡ್ಬಹುದು ಅಂತ ನಿಯಮ ಇದೆ. ನಿಮ್ಮ ತಂದೆ ತಟ್ಟಿದ್ರು ಅಂತ ಒಂದೇ ಒಂದು ಸಾಲು ಬರ್ಕೊಡು. ಕೊನೇಲಿ ಮತ್ತೆ ಕೇಳ್ತೀವಿ."

ಅಪ್ಪ ಬಾಗಿಲ ಬಳಿ ಕರವಸ್ತ್ರದಿಂದ ಬಾಯಿಯ ಮೂಲೆ ಒರೆಸಿಕೊಳ್ಳುತ್ತಾ ನಿಂತಿದ್ದ. ಅವನಿಗೂ ಕೇಳಿಸಿತ್ತು. ಕೋಣೆಯ ತುಂಬ ವಾಲಗದ ಮನೆಗಳವರೇ, ಬೇರೆ ಬೇರೆ ಊರಿನ ಅಪ್ಪಂದಿರು, ಮಾವಂದಿರು, ಎಲ್ಲರ ಕಿವಿಯೂ ಇತ್ತ. ಗಟ್ಟಿಮೇಳ ಯಾವಾಗ ಅನ್ನುವುದು ಗೊತ್ತಾಗದವನು ಅಂತ ನಮ್ಮ ಕಸುಬಿನಲ್ಲಿ ಒಬ್ಬನ ಬಗ್ಗೆ ಬರೆದುಕೊಟ್ಟರೆ ಅವನಿಗೆ ಉಳಿಯುವುದೇನು? ಊದುವುದು ಹೋಗಿತ್ತು, ನೋಡುವುದೊಂದು ಉಳಿದಿತ್ತು. ಅದನ್ನೂ ಮಗಳೇ ಕಿತ್ತುಕೊಳ್ಳಬೇಕೆ? ಪೆನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಅಪ್ಪ ನನ್ನನ್ನೇ ನೋಡುತ್ತಿದ್ದ.

"ಅಪ್ಪ ತಟ್ಲಿಲ್ಲ ಮೇಡಂ," ಅಂದೆ. "ಸರ್ ಕೈ ನೋಡಿ ನಾನೇ ಗಾಬರಿಯಾದೆ. ತಪ್ಪು ನಂದು."

ಮೇಡಂ ನನ್ನ ಮುಖವನ್ನೂ ಅಪ್ಪನ ಮುಖವನ್ನೂ ನೋಡಿದರು. "ಸುಳ್ಳು ಹೇಳೋಕೆ ಬರಲ್ಲ ನಿಂಗೆ" ಅಂದು ಹಾಳೆ ಮಡಚಿ ಹೊರಟುಹೋದರು. ಕೋಲಾರದ ಹುಡುಗಿಗೆ ಮೊದಲ ಬಹುಮಾನ ಬಂತು. ಚೆನ್ನಾಗಿ ನುಡಿಸಿದ್ದಳು, ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ಚಿಕ್ಕಪ್ಪ ಡೋಲು ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದ. ನಾವಿಬ್ಬರೂ ಮೆಟ್ರೊ ಹಿಡಿದೆವು. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದಾಗ ಕಾಲಿಡಲು ಜಾಗವಿಲ್ಲದಷ್ಟು ಜನ. ನಾಗಸ್ವರದ ಚೀಲವನ್ನು ಎದೆಗೆ ಒತ್ತಿಕೊಂಡು ಒಂದೇ ಕಂಬಿಯನ್ನು ಇಬ್ಬರೂ ಹಿಡಿದುಕೊಂಡು ನಿಂತೆವು. ನನಗೆ ಅಳು ಬರುತ್ತಿತ್ತು, ಆ ಇಕ್ಕಟ್ಟಿನಲ್ಲಿ ಅಳಲೂ ಜಾಗವಿರಲಿಲ್ಲ. ಅಪ್ಪನಿಗೆ ಸಮಾಧಾನವಾಗಲಿ ಅಂತ ನಾನೇ ಮಾತು ತೆಗೆದೆ.

"ಬಿಡಪ್ಪ. ಕೈ ಎದ್ರೆ ತಟ್ಟೋದು ನಿಂಗೆ ಅಭ್ಯಾಸ, ತಟ್ಟಿದ್ರೆ ಊದೋದು ನಂಗೆ ಅಭ್ಯಾಸ. ಯಾರ ತಪ್ಪೂ ಅಲ್ಲ."

ಗಾಡಿ ಮಾಗಡಿ ರೋಡ್ ನಿಲ್ದಾಣ ದಾಟಿತು.

"ಬರ್ಕೊಡ್ಬೇಕಿತ್ತು ಕಣವ್ವ," ಅಂದ ಅಪ್ಪ.

"ಎಲ್ಲರ ಮುಂದೆ ನಿನ್ನ ಹೆಸ್ರು ಹೇಗ್ ಬರ್ಕೊಡ್ಲಿ?"

"ಅಭ್ಯಾಸ ಅಲ್ಲ ಅದು. ಗೊತ್ತಿದ್ದೇ ತಟ್ಟಿದ್ದು."

ಗಾಡಿಯ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲವೇನೋ ಅಂದುಕೊಂಡೆ. ಅವನ ಮುಖ ನೋಡಿದ ಮೇಲೆ ಸರಿಯಾಗಿಯೇ ಕೇಳಿದೆ ಅನ್ನುವುದು ಗೊತ್ತಾಯಿತು.

"ಅವ್ರು ಯಾಕೆ ಕೈ ಎತ್ತಿದ್ರು ಅಂತ ನಂಗೆ ಗೊತ್ತಿತ್ತು. ನೀನು ಆ ಥರ ನುಡಿಸ್ತೀಯ ಅಂತ ಮಾತ್ರ ಗೊತ್ತಿರ್ಲಿಲ್ಲ ಪವಿ. ನಾನೇ ಯಾವತ್ತೂ ಹಾಗೆ ನುಡಿಸ್ಲಿಲ್ಲ. ಕೇಳ್ತಾ ಕೇಳ್ತಾ ಭಯ ಆಗೋಯ್ತು. ಇವ್ಳು ಹೋಗ್ಬಿಡ್ತಾಳೆ, ಮತ್ತೆ ಬರಲ್ಲ ಅನ್ನಿಸ್ತು. ನೀನ್ ಹೋದ್ರೆ ನಾನ್ ಎಲ್ಲಿ ಕೂರ್ಲಿ?"

"ಮತ್ತೆ ಅಲ್ಲೇ ಯಾಕ್ ಹೇಳ್ಲಿಲ್ಲ? ಮೇಡಂ ಕೇಳ್ದಾಗ?"

"ನೀನು ಬರ್ಕೊಡ್ತೀಯ ಅನ್ಕೊಂಡಿದ್ದೆ."

ಅಪ್ಪನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ಯಾರದೋ ಬ್ಯಾಗು. ಹೊಸಹಳ್ಳಿಯಿಂದ ವಿಜಯನಗರಕ್ಕೆ ಎರಡು ನಿಮಿಷ ಆಗುತ್ತದೆ. ಆ ಎರಡು ನಿಮಿಷ ನಾನು ಅವನ ಉಸಿರನ್ನೇ ಉಸಿರಾಡುತ್ತಾ ನಿಂತಿದ್ದೆ. ಬಾಗಿಲು ತೆರೆಯಿತು. ಅಪ್ಪ ಇಳಿದು, ನಾನು ಬರುತ್ತಿದ್ದೇನೆಯೇ ಅಂತ ತಿರುಗಿ ನೋಡಿದ. ನಾನು ಕಂಬಿ ಬಿಡಲಿಲ್ಲ. ಬಾಗಿಲು ಮುಚ್ಚಿತು.

ಅಂಥ ಸಿಟ್ಟು ನನಗೆ ಅದಕ್ಕೆ ಮುಂಚೆ ಯಾರ ಮೇಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಒಂದೊಂದು ನಿಲ್ದಾಣಕ್ಕೂ ಜನ ಇಳಿಯುತ್ತಾ ಹೋದರು. ಆ ದಿನಗಳಲ್ಲಿ ಕೆಂಗೇರಿಯೇ ಕೊನೆ, ಅಲ್ಲಿ ಎಲ್ಲರೂ ಇಳಿಯಬೇಕು. ಇಳಿದೆ. ಮೇಲಿನಿಂದ ಮೈಸೂರು ರಸ್ತೆ ಕಾಣುತ್ತಿತ್ತು, ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಯಾವುದನ್ನಾದರೂ ಹತ್ತಬಹುದಿತ್ತು. ಅಮ್ಮನ ಸೀರೆ ಉಟ್ಟುಕೊಂಡು, ನಾಗಸ್ವರ ಹಿಡಿದುಕೊಂಡು ಹತ್ತಿ ಎಲ್ಲಿಗೆ ಹೋಗುವುದು? ಹೋಗಬೇಕಾದ ಊರಿಗೆ ಬೇರೆ ಹುಡುಗಿ ಹೋಗುತ್ತಿದ್ದಳು. ನಾಳೆ ಬೆಳಿಗ್ಗೆ ಆರು ಗಂಟೆ ಒಳಗೆ ಮುಹೂರ್ತ. ಅಲ್ಲಿ ಬೆಂಚಿನ ಮೇಲೆ ಕೂತು ಮನಸಾರೆ ಅತ್ತು, ಮುಖ ಒರೆಸಿಕೊಂಡು ವಾಪಸ್ಸು ಹೊರಡುವ ಗಾಡಿ ಹತ್ತಿದೆ.

ವಿಜಯನಗರದಲ್ಲಿ ಇಳಿದು ಹಳಿಯಾಚೆ ನೋಡಿದರೆ, ಎದುರಿನ ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪ ಇಳಿದಲ್ಲೇ ನಿಂತಿದ್ದ. ಕೆಂಗೇರಿಯ ಕಡೆಗೇ ಕಣ್ಣು. ನಾನು ಈ ಕಡೆ ಬಂದಿದ್ದು ಅವನಿಗೆ ಗೊತ್ತಾಗಲಿಲ್ಲ, ಕರೆಯಬೇಕಾಯಿತು. ಕೆಳಗೆ ಗೇಟಿನ ಹತ್ತಿರ ಇಬ್ಬರೂ ಸೇರಿದೆವು.

"ನಾಳೆಗೆ ಬೇರೆ ಯಾರನ್ನಾದ್ರೂ ನೋಡ್ಲಾ?" ಅಂತ ಕೇಳಿದ, ನೆಲ ನೋಡುತ್ತಾ.

"ಬೇಡ. ನಾನೇ ಬರ್ತೀನಿ. ಆದ್ರೆ ಇನ್ಮೇಲೆ ನೀನು ಪಕ್ಕದಲ್ಲಿ ಕೂರ್ಬೇಡ."

"ಗಟ್ಟಿಮೇಳಕ್ಕೆ..."

"ನಾನು ನೋಡ್ಕೋತೀನಿ."

ಮಾರನೆಯ ಬೆಳಿಗ್ಗೆ ಚಾಪೆಯನ್ನು ಗೂಡಿನಿಂದ ಒಂದು ಮೊಳ ಮುಂದಕ್ಕೆ ಎಳೆದು ಹಾಕಿಕೊಂಡೆ. ಪುರೋಹಿತರ ಕೈ ಚೆನ್ನಾಗಿಯೇ ಕಾಣುತ್ತಿತ್ತು. ಅಷ್ಟು ದಿನ ಅದು ನಮಗೆ ಹೊಳೆದೇ ಇರಲಿಲ್ಲ, ಅಥವಾ ಹೊಳೆಯುವುದು ನಮಗೆ ಬೇಕಿರಲಿಲ್ಲ. ಅಪ್ಪ ಗಂಧ ಇಟ್ಟುಕೊಂಡು, ಶಲ್ಯ ಹೊದ್ದು ಬಂದ. ಒಂದು ಗಳಿಗೆ ನನ್ನ ಚಾಪೆಯ ಅಂಚಿನಲ್ಲಿ ನಿಂತು, ಆಮೇಲೆ ನೆಂಟರ ಹಿಂದೆ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತ.

ಅಪ್ಪ ಅದಾದ ಮೇಲೆ ಎರಡು ವರ್ಷ ಬದುಕಿದ್ದ. ಒಂದು ಲಗ್ನವನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ಬಂದು ನನ್ನ ಕಡೆ ಒಮ್ಮೆ ನೋಡಿ, ಅದೇ ಹಿಂದಿನ ಸಾಲಿಗೆ ಹೋಗುತ್ತಿದ್ದ. ಬಾ ಅಂತ ಒಂದು ಸಲ ಕರೆದಿದ್ದರೆ ಎದ್ದು ಬರುತ್ತಿದ್ದ. ನಾನು ಕರೆಯಲಿಲ್ಲ.